ಬಟನ್ ಫೋನಿಂದ ಜರ್ಮನಿಗೆ, ಎಡೆಯಲ್ಲಿ ಒಂದು ಆಸ್ಟರಿಸ್ಕ್

ಕಳೆದ ಆಟಿಯಲ್ಲಿ ಅಮ್ಮ ಕಣ್ಣು ತೋರಿಸ್ಲಿಕ್ಕೆ ಅಂತ ಹೆಬ್ರಿ ಕಡೆಯಿಂದ ಉಡುಪಿಗೆ ಬಂದಿದ್ರು. ಡಾಕ್ಟ್ರದ್ದೆಲ್ಲ ಮುಗಿದು ಸಂಜೆ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು, ಹೊರಗೆ ಮಳೆ ಬೇರೆ, ಹಾಗಾಗಿ ನಾನು ಕೆಲಸ ಮಾಡುವ ಕಾಲೇಜಿನ ಲ್ಯಾಬಿಗೆ ಕರ್ಕೊಂಡು ಹೋದೆ. ಮೇಜಿನ ಮೇಲೆ ಒಂದು ಹಳೆ ಬಟನ್ ಫೋನು, ಅದರ ಬೆನ್ನಿಂದ ಒಂದು ಸಣ್ಣ ಕೇಬಲ್ಲು ಹೊರಟು ಒಂದು ಡಬ್ಬಿಗೆ ಹೋಗ್ತದೆ. "ಅಮ್ಮ, ಇದ್ರಲ್ಲಿ 301 ಒತ್ತಿ ಹಸಿರು ಬಟನ್ ಒತ್ತಿ, ತಂಗಿ ಸಿಗ್ತಾಳೆ" ಅಂದೆ. ತಂಗಿ ಇರುದು ಜರ್ಮನಿಯಲ್ಲಿ. ಅಮ್ಮ ಒತ್ತಿದ್ರು, ರಿಂಗಾಯ್ತು, ತಂಗಿ ಎತ್ತಿದ್ಳು, ಅವಳ ಸ್ವರ ಅಮ್ಮನಿಗೆ ಪಕ್ಕದ ಕೋಣೆಯಿಂದ ಬಂದ ಹಾಗೆ ಸ್ಪಷ್ಟ ಕೇಳಿತು. ಆದ್ರೆ ಅಮ್ಮ ಹಲೋ ಹಲೋ ಹೇಳಿದ್ದು ಆಚೆ ಕಡೆಗೆ ಒಂದಕ್ಷರ ಹೋಗ್ಲಿಲ್ಲ. "ಅಣ್ಣ, ಅಮ್ಮನ ಸ್ವರ ಬರ್ತಾ ಇಲ್ಲ" ಅಂತ ನನ್ನ ವಾಟ್ಸಾಪಿಗೆ ಮೆಸೇಜು ಬಂತು. ಅಮ್ಮ ಐದು ನಿಮಿಷ ಅವಳು ಮಾತಾಡಿದ್ದನ್ನೇ ಕೇಳಿ, ಫೋನ್ ಕೆಳಗಿಟ್ಟು, ಬಸ್ಸಿಗೆ ಹೊರಟ್ರು.

ಅವತ್ತು ರಾತ್ರಿ ನಾನು ಲ್ಯಾಬಲ್ಲೇ ಕೂತೆ. ಎಂತಾಗಿತ್ತು ಅಂತ ಹೇಳುವ ಮುಂಚೆ ಈ ಸೆಟಪ್ಪು ಎಂತದು ಅಂತ ಹೇಳ್ಬೇಕು.

ಇದು ಒಂದು ಪುಟ್ಟ ಜಿಎಸ್‌ಎಂ ನೆಟ್‌ವರ್ಕು, ಹೇಳಿದ್ರೆ 2ಜಿ. ಟವರಿನ ಕೆಲಸ ಮಾಡುದು ಒಂದು ಯುಎಸ್‌ಆರ್‌ಪಿ ಬಿ200 ರೇಡಿಯೋ ಬೋರ್ಡು ಮತ್ತು ಅದಕ್ಕೆ ಯುಎಸ್‌ಬಿಯಲ್ಲಿ ಸಿಕ್ಕಿಸಿದ ಒಂದು ಲಿನಕ್ಸ್ ಕಂಪ್ಯೂಟರು. ಸಾಫ್ಟ್‌ವೇರು ಪೂರ್ತಿ ಓಸ್ಮೋಕಾಮ್, ಹಾರಾಲ್ಡ್ ವೆಲ್ಟೆ ಮತ್ತು ಅವರ ಜೊತೆಯವರು 2008ರಲ್ಲಿ ಓಪನ್‌ಬಿಎಸ್‌ಸಿ ಅಂತ ಶುರು ಮಾಡಿದ್ದು ಬೆಳೆದು ಈ ಹೆಸರಾಯ್ತು, ಆ ವರ್ಷದ ಡಿಸೆಂಬರಲ್ಲೇ ಬರ್ಲಿನ್ನಿನ ಹ್ಯಾಕರ್ ಸಮ್ಮೇಳನದಲ್ಲಿ ಅದರ ಮೇಲೆ ನೆಟ್‌ವರ್ಕ್ ನಡೆಸಿ ತೋರಿಸಿದ್ರು. ಅದೇ ಕಾಲಕ್ಕೆ ಡೇವಿಡ್ ಬರ್ಜೆಸ್ ಮತ್ತು ಹರ್ವಿಂದ್ ಸಮ್ರಾ ಅವರ ಓಪನ್‌ಬಿಟಿಎಸ್ ಕೂಡ ಬಂತು, ಅದರ ದಾರಿ ಬೇರೆ, ಪ್ರತಿ ಮೊಬೈಲನ್ನೂ ನೇರವಾಗಿ ಒಂದು ಎಸ್‌ಐಪಿ ಫೋನ್ (ಎಸ್‌ಐಪಿ ಅಂದ್ರೆ ಇಂಟರ್ನೆಟ್ಟಲ್ಲಿ ಕರೆ ಮಾಡುವ ಭಾಷೆ) ಮಾಡಿ, ಆಸ್ಟರಿಸ್ಕ್ ಅನ್ನುವ ಕಂಪ್ಯೂಟರಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಕೊಡುದು. ನಾನು ಎರಡನ್ನೂ ನೋಡಿದ್ದೇನೆ, ಮಕ್ಕಳಿಗೆ ಕಲಿಸ್ಲಿಕ್ಕೆ ಓಸ್ಮೋಕಾಮೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ನಿಜವಾದ ಕಂಪನಿಗಳ ನೆಟ್‌ವರ್ಕಲ್ಲಿ ಯಾವ ಯಾವ ಭಾಗ ಉಂಟೋ, ಕರೆ ಜೋಡಿಸುವ ಎಂಎಸ್‌ಸಿ, ಸಿಮ್ಮುಗಳ ಲೆಕ್ಕ ಇಡುವ ಎಚ್‌ಎಲ್‌ಆರ್, ಟವರುಗಳನ್ನು ನೋಡ್ಕೊಳ್ಳುವ ಬಿಎಸ್‌ಸಿ, ಅದೆಲ್ಲ ಇಲ್ಲೂ ಬೇರೆ ಬೇರೆ ಪ್ರೋಗ್ರಾಮಾಗಿ ಓಡ್ತದೆ, ಒಂದನ್ನು ನಿಲ್ಲಿಸಿದ್ರೆ ಎಂತ ನಿಲ್ತದೆ ಅಂತ ಕಣ್ಣಿಗೇ ಕಾಣ್ತದೆ.

ಕೇಬಲ್ಲು ಯಾಕೆ ಅಂದ್ರೆ, ಆಂಟೆನಾ ಹಾಕಿ ಗಾಳಿಗೆ ಬಿಡುವ ಹಾಗಿಲ್ಲ. ನಮ್ಮ ದೇಶದಲ್ಲಿ ಆ ಬ್ಯಾಂಡೆಲ್ಲ ಲೈಸೆನ್ಸ್ ಇದ್ದವರದ್ದು. ಪ್ರಯೋಗಕ್ಕೆ ಅಂತಲೇ ಟೆಲಿಕಾಂ ಇಲಾಖೆ ಎರಡು ನಮೂನೆ ಲೈಸೆನ್ಸ್ ಕೊಡ್ತದೆ, ರೇಡಿಯೇಟಿಂಗ್, ನಾನ್-ರೇಡಿಯೇಟಿಂಗ್ ಅಂತ, ನಮ್ಮದು ಎರಡನೇದು. ಹಾಗಾಗಿ ಫೋನಿನ ಬೆನ್ನಲ್ಲಿ ಇರುವ ಟೆಸ್ಟ್ ಕನೆಕ್ಟರಿಗೆ ಕೇಬಲ್ ಸಿಕ್ಕಿಸಿ ನೇರ ಬೋರ್ಡಿಗೆ ಕೊಡ್ತೇವೆ. ಮಾಡುವವರು ಇದೊಂದು ಜಾಗ್ರತೆ ನೋಡ್ಬೇಕು: 900 ಬ್ಯಾಂಡಲ್ಲಿ ಮೊಬೈಲು ಜೋರಾಗಿ ಕೂಗಿದ್ರೆ 2 ವ್ಯಾಟ್, ಹೇಳಿದ್ರೆ ಸಿಗ್ನಲ್ ಬಲದ ಅಳತೆಯಲ್ಲಿ 33 ಡಿಬಿಎಂ, ಬಿ200 ತಡ್ಕೊಳ್ಳುದು ಮೈನಸ್ 15 ಡಿಬಿಎಂ ತನಕ ಮಾತ್ರ. ಎಡೆಯಲ್ಲಿ ಸಿಗ್ನಲ್ ಬಲ ಇಳಿಸುವ 60 ಡಿಬಿ ಅಟೆನ್ಯುಯೇಟರ್ ಹಾಕದೆ ಜೋಡಿಸಿದ್ರೆ ಬೋರ್ಡ್ ಸುಟ್ಟುಹೋಗ್ತದೆ, ಅದೂ ಫೋನಿನ ಕಡೆಯ ಮೊದಲ ಅಟೆನ್ಯುಯೇಟರು 2 ವ್ಯಾಟ್ ತಾಳುವಂತದ್ದೇ ಆಗ್ಬೇಕು.

ಇನ್ನೊಂದು ತಲೆಬಿಸಿ ಗಡಿಯಾರದ್ದು. ಬೇಸ್ ಸ್ಟೇಷನ್ನಿನ ಫ್ರೀಕ್ವೆನ್ಸಿ 0.05 ಪಿಪಿಎಂ (ಹತ್ತು ಲಕ್ಷದಲ್ಲಿ 0.05 ಪಾಲು) ಒಳಗೆ ಸರಿ ಇರ್ಬೇಕು ಅಂತ ಜಿಎಸ್‌ಎಂ ನಿಯಮ, 900 ಮೆಗಾಹರ್ಟ್ಸಲ್ಲಿ ಅದು ಬರೀ 45 ಹರ್ಟ್ಸ್. ಬೋರ್ಡಿನ ಸ್ವಂತ ಗಡಿಯಾರ 2 ಪಿಪಿಎಂ, ಹೇಳಿದ್ರೆ 1800 ಹರ್ಟ್ಸ್ ಆಚೀಚೆ ಹೋಗ್ಬಹುದು. ಜಿಪಿಎಸ್ ಗಡಿಯಾರ ಹಾಕಿದ ಮೇಲೆ ಫೋನು ಕೂಡ್ಲೆ ನೆಟ್‌ವರ್ಕ್ ಹಿಡೀಲಿಕ್ಕೆ ಶುರು ಮಾಡಿತು. ಸ್ಕ್ರೀನಲ್ಲಿ ಬರುದು 001 01, ಟೆಸ್ಟ್ ನೆಟ್‌ವರ್ಕುಗಳಿಗೆ ಅಂತ ಜಗತ್ತಿಗೆಲ್ಲ ಇಟ್ಟ ನಂಬರು. ಸಿಮ್ಮು ನಾವೇ ಬರೆದದ್ದು, ಅಂಗಡಿಯ ಸಿಮ್ಮಿನ ಗುಟ್ಟಿನ ಕೀ ನಮಗೆ ಗೊತ್ತಿರುದಿಲ್ಲ ಅಲ್ವಾ, ಅದಕ್ಕೆ.

ಇಷ್ಟಾದ್ರೆ ಲ್ಯಾಬಿನ ಎರಡು ಫೋನು ಪರಸ್ಪರ ಮಾತಾಡ್ತವೆ. ನಂಗೆ ಬೇಕಾದದ್ದು ಅದಲ್ಲ, ಆ ಕಡೆ ಇಂಟರ್ನೆಟ್ಟು. ಓಸ್ಮೋ ಎಂಎಸ್‌ಸಿಗೆ ಎಂಎನ್‌ಸಿಸಿ ಅಂತ ಒಂದು ಬಾಗಿಲು ಉಂಟು, ಕರೆ ಬಂತು, ರಿಂಗಾಯ್ತು, ಎತ್ತಿದ್ರು, ಇಟ್ರು, ಈ ಸುದ್ದಿಯೆಲ್ಲ ಆ ಬಾಗಿಲಿಂದ ಹೊರಗೆ ಬರ್ತದೆ. ಹೊರಗೆ ಕೂತ ಓಸ್ಮೋ ಸಿಪ್ ಕನೆಕ್ಟರ್ ಅಂತ ಒಂದು ಸಣ್ಣ ಪ್ರೋಗ್ರಾಮು ಅದನ್ನು ಎಸ್‌ಐಪಿಗೆ ಮಾಡಿ ಆಸ್ಟರಿಸ್ಕಿಗೆ ಕೊಡ್ತದೆ. ಆಚೆಯವರ "180 ರಿಂಗಿಂಗ್" ಇಲ್ಲಿ ಅಲರ್ಟಿಂಗ್ ಆಗ್ತದೆ, "200 ಓಕೆ" ಇಲ್ಲಿ ಕನೆಕ್ಟ್ ಆಗ್ತದೆ, "486 ಬ್ಯುಸಿ" ಬಂದ್ರೆ ಹಳೆ ಫೋನಿನ ಸ್ಕ್ರೀನಲ್ಲಿ ಬ್ಯುಸಿ ಅಂತಲೇ ಬರ್ತದೆ. ಜಿಎಸ್‌ಎಂನ ಮೊದಲ ಕರೆ ಫಿನ್‌ಲೆಂಡಲ್ಲಿ 1991ರ ಜುಲೈ 1ಕ್ಕೆ ಆದದ್ದು, ಈಗಿನ ಎಸ್‌ಐಪಿ ನಿಯಮ ಬಂದದ್ದು 2002ರಲ್ಲಿ, ಎರಡಕ್ಕೂ ಎಡೆಯಲ್ಲಿ ಹನ್ನೊಂದು ವರ್ಷ ಉಂಟು, ಆದ್ರೂ ಒಂದರ ಮಾತು ಇನ್ನೊಂದಕ್ಕೆ ಎಷ್ಟು ಚಂದ ಕೂಡ್ತದೆ ಅಂತ ನೋಡುವಾಗ ನಂಗೆ ಪ್ರತಿ ಸಲ ಖುಷಿ ಆಗ್ತದೆ ಮಾರಾಯ್ರೆ.

ಒಂದು ವಿಷಯ ನೆನಪಿಡಿ. ಎಂಎನ್‌ಸಿಸಿಯನ್ನು ಎಕ್ಸ್‌ಟರ್ನಲ್ ಅಂತ ಮಾಡಿದ ಕೂಡ್ಲೆ ಎಂಎಸ್‌ಸಿ ಕರೆ ಜೋಡಿಸುವ ಕೆಲಸವನ್ನೇ ಬಿಟ್ಟುಬಿಡ್ತದೆ, ಪಕ್ಕಪಕ್ಕ ಇಟ್ಟ ಎರಡು ಫೋನು ಮಾತಾಡ್ಬೇಕಿದ್ರೂ ಕರೆ ಆಸ್ಟರಿಸ್ಕಿಗೆ ಹೋಗಿಯೇ ವಾಪಸ್ ಬರ್ಬೇಕು. ನಿನ್ನೆ ತನಕ ಸರಿ ಇದ್ದದ್ದು ಇವತ್ತು ನಿಂತುಹೋಯ್ತು ಅಂತ ನನ್ನ ಫೈನಲ್ ಇಯರ್ ಮಕ್ಕಳು ಒಂದು ಮಧ್ಯಾಹ್ನ ಪೂರ್ತಿ ರೇಡಿಯೋ ಕಡೆ ಹುಡುಕಿದ್ರು. ಬೇಕಾದದ್ದು ಡಯಲ್‌ಪ್ಲಾನಲ್ಲಿ, ಹೇಳಿದ್ರೆ ಯಾವ ನಂಬರು ಎಲ್ಲಿಗೆ ಹೋಗ್ಬೇಕು ಅಂತ ಆಸ್ಟರಿಸ್ಕಿಗೆ ಬರೆದಿಡುವ ಪಟ್ಟಿಯಲ್ಲಿ, ಎರಡು ಸಾಲು ಮಾತ್ರ, 2ರಿಂದ ಶುರುವಾಗುವ ನಂಬರು ವಾಪಸ್ ಜಿಎಸ್‌ಎಂ ಕಡೆಗೆ, 3ರಿಂದ ಶುರುವಾದದ್ದು ಇಂಟರ್ನೆಟ್ ಫೋನಿಗೆ.

ಸುದ್ದಿ ದಾಟಿಸುದು ಸುಲಭ, ಸ್ವರ ದಾಟಿಸುದರಲ್ಲೇ ಕಷ್ಟ ಇರುದು. ಮೊಬೈಲಿಂದ ಬರುವ ಸ್ವರ ಆಗಲೇ ಹಿಂಡಿ ಸಣ್ಣ ಮಾಡಿದ್ದು, ಫುಲ್ ರೇಟ್ ಅನ್ನುವ ಕೋಡೆಕ್ಕಲ್ಲಿ (ಸ್ವರ ಹಿಂಡುವ ವಿಧಾನ) 20 ಮಿಲಿಸೆಕೆಂಡಿನ ಮಾತಿಗೆ 33 ಬೈಟ್. ಅದೇ ಮಾತು ಲ್ಯಾಂಡ್‌ಲೈನ್ ಕಾಲದ ಜಿ.711ರಲ್ಲಿ 160 ಬೈಟ್. ಆಸ್ಟರಿಸ್ಕಿಗೆ ಈ ಫುಲ್ ರೇಟ್ ಹುಟ್ಟಾ ಗೊತ್ತುಂಟು, ಎನ್‌ಹ್ಯಾನ್ಸ್‌ಡ್ ಫುಲ್ ರೇಟ್, ಎಎಂಆರ್ ಅದರ ಜೊತೆ ಬರುದಿಲ್ಲ, ಹಾಗಾಗಿ ಬಿಎಸ್‌ಸಿಯ ಕೋಡೆಕ್ ಪಟ್ಟಿಯಲ್ಲಿ ಎಫ್‌ಆರ್1, ಹೇಳಿದ್ರೆ ಈ ಫುಲ್ ರೇಟ್, ಒಂದನ್ನೇ ಇಟ್ಟೆ. ಸ್ವರ ಸ್ವಲ್ಪ ಹಳೇ ಕಾಲದ್ದು ಕೇಳ್ತದೆ ನಿಜ, ಆದ್ರೆ ಯಾರ ಸ್ವರ ಅಂತ ಗುರುತು ಸಿಗ್ತದೆ, ಎಡೆಯಲ್ಲಿ ತುಂಡಾಗುದಿಲ್ಲ. ಲೆಕ್ಕ ಹಾಕಿದ್ರೆ ಇನ್ನೊಂದು ಸಂಗತಿ ಉಂಟು, ಈ 33 ಬೈಟ್ ಸ್ವರ ಇಂಟರ್ನೆಟ್ಟಲ್ಲಿ ಹೋಗ್ಬೇಕಿದ್ರೆ ಐಪಿ, ಯುಡಿಪಿ, ಆರ್‌ಟಿಪಿ ಅಂತ 40 ಬೈಟಿನ ಲಕೋಟೆ ಬೇಕು. ಕಾಗದಕ್ಕಿಂತ ಲಕೋಟೆ ಭಾರ. ಹಾಗಿದ್ರೂ ಒಂದು ಕಡೆಗೆ ಸೆಕೆಂಡಿಗೆ 29 ಕಿಲೋಬಿಟ್ ಸಾಕಾಗ್ತದೆ, ಜಿ.711 ಆದ್ರೆ 80 ಬೇಕು.

ಬಟನ್ ಒತ್ತಿದ ಟೋನಿನದ್ದೂ ಒಂದು ಮಾತು. ಜಿಎಸ್‌ಎಂ ಫೋನಲ್ಲಿ ಮಾತಿನ ಎಡೆಯಲ್ಲಿ 1 ಒತ್ತಿದ್ರೆ ಫೋನು ಶಬ್ದ ಕಳಿಸುದಿಲ್ಲ, "1 ಒತ್ತಿದ್ರು" ಅಂತ ಸುದ್ದಿ ಕಳಿಸ್ತದೆ. ಆಸ್ಟರಿಸ್ಕ್ ಕಡೆ ಡಿಟಿಎಂಎಫ್ (ಬಟನ್ ಟೋನು) ಸೆಟ್ಟಿಂಗನ್ನು ಇನ್ಫೋ, ಹೇಳಿದ್ರೆ ಸುದ್ದಿಯಾಗಿಯೇ ತಕೊಳ್ಳುವ ಹಾಗೆ ಬದಲಾಯಿಸಿದ್ದೇ ತಡ ಅದು ಸರಿಯಾಯ್ತು.

ಈಗ ಆ ರಾತ್ರಿಗೆ ಬರ್ತೇನೆ. ಕ್ಯಾಂಪಸ್ಸಿನ ಒಳಗೆ ಟೆಸ್ಟ್ ಮಾಡುವಾಗ ಎರಡೂ ಕಡೆ ಕೇಳ್ತಾ ಇತ್ತು, ಅದಕ್ಕೇ ಧೈರ್ಯದಲ್ಲಿ ಅಮ್ಮನ ಕೈಗೆ ಕೊಟ್ಟದ್ದು. ನೆಟ್‌ವರ್ಕಲ್ಲಿ ಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ ವೈರ್‌ಶಾರ್ಕ್ ಹಾಕಿ ತಂಗಿಗೆ ಇನ್ನೊಂದು ಸಲ ಕರೆ ಮಾಡಿದೆ, ಅಲ್ಲಿ ಆಗ ಇನ್ನೂ ಸಂಜೆ. ನಮ್ಮಿಂದ ಸ್ವರದ ಪ್ಯಾಕೆಟ್ಟು ಸೆಕೆಂಡಿಗೆ 50ರ ಹಾಗೆ ಸರಿಯಾಗಿ ಹೊರಡ್ತಾ ಉಂಟು, ಆದ್ರೆ ಹೊರಡುದು ಎಲ್ಲಿಗೆ ಅಂದ್ರೆ 192.168.178 ಅಂತ ಶುರುವಾಗುವ ಅಡ್ರೆಸ್ಸಿಗೆ. ಜರ್ಮನಿಯಲ್ಲಿ ತುಂಬಾ ಮನೆಗಳಲ್ಲಿ ಇರುವ ಫ್ರಿಟ್ಜ್‌ಬಾಕ್ಸ್ ರೂಟರು ಮನೆಯೊಳಗೆ ಹಂಚುವ ಅಡ್ರೆಸ್ಸು ಅದು. ತಂಗಿಯ ಮೊಬೈಲಲ್ಲಿದ್ದ ಲಿನ್‌ಫೋನ್ ಅನ್ನುವ ಇಂಟರ್ನೆಟ್ ಕರೆಯ ಆ್ಯಪು "ನನಗೆ ಬರುವ ಸ್ವರ ಇಲ್ಲಿಗೆ ಕಳಿಸಿ" ಅಂತ ತನ್ನ ಮನೆಯೊಳಗಿನ ಅಡ್ರೆಸ್ ಬರೆದುಕೊಟ್ಟಿತ್ತು, ಆಸ್ಟರಿಸ್ಕ್ ಅದನ್ನೇ ನಂಬಿ ಕಳಿಸ್ತಾ ಇತ್ತು. ನಮ್ಮೂರಲ್ಲಿ "ಕೆಳಗಿನ ಮನೆ" ಅಂದ್ರೆ ಎಲ್ಲರಿಗೂ ಗೊತ್ತು, ಆದ್ರೆ ಲಕೋಟೆ ಮೇಲೆ ಬರೀ "ಕೆಳಗಿನ ಮನೆ" ಅಂತ ಬರೆದು ಮಂಗಳೂರಲ್ಲಿ ಪೋಸ್ಟಿಗೆ ಹಾಕಿದ್ರೆ ಯಾರ ಮನೆಗೆ ಮುಟ್ತದೆ? ಪ್ರತಿ ಊರಲ್ಲೂ ಒಂದು ಕೆಳಗಿನ ಮನೆ ಉಂಟು.

ಕರೆ ರಿಂಗಾಗ್ತಾ ಇದ್ದದ್ದು ಯಾಕಂದ್ರೆ ರೀರೈಟ್ ಕಾಂಟ್ಯಾಕ್ಟ್ ಅನ್ನುವ ಸೆಟ್ಟಿಂಗನ್ನು ನಾನು ಮೊದಲೇ ಹಾಕಿದ್ದೆ, ಸಿಗ್ನಲಿಂಗಿಗೆ, ಹೇಳಿದ್ರೆ ಕರೆಯ ಸುದ್ದಿಗೆ, ಅದು ಸಾಕು. ಸ್ವರಕ್ಕೆ ಬೇರೆ ಒಂದು ಬೇಕು, ಆರ್‌ಟಿಪಿ ಸಿಮೆಟ್ರಿಕ್, ಅದನ್ನು ನಾವೇ ಯೆಸ್ ಅಂತ ಹಾಕ್ಬೇಕು, ಹಾಕದಿದ್ರೆ ನೋ. ಅದನ್ನು ಹಾಕಿದ್ರೆ ಆಸ್ಟರಿಸ್ಕು ಬರೆದುಕೊಟ್ಟ ಅಡ್ರೆಸ್ ಬಿಟ್ಟು, ತಂಗಿಯ ಸ್ವರ ನಿಜವಾಗಿ ಯಾವ ಅಡ್ರೆಸ್ಸಿಂದ ಬರ್ತಾ ಉಂಟೋ ಅಲ್ಲಿಗೇ ವಾಪಸ್ ಕಳಿಸ್ತದೆ. ಜೊತೆಗೆ ಡೈರೆಕ್ಟ್ ಮೀಡಿಯಾ ನೋ, ಸ್ವರ ಆಸ್ಟರಿಸ್ಕ್ ಮೂಲಕವೇ ಹೋಗ್ಲಿ ಅಂತ. ಎರಡು ಸಾಲು, ಒಂದು ರೀಲೋಡ್. ತಂಗಿ "ಈಗ ಕೇಳ್ತಾ ಉಂಟು ಅಣ್ಣ" ಅಂದಾಗ ಗಂಟೆ ಹನ್ನೊಂದೂವರೆ.

ಆ ವಾರವೇ ಲಾಗ್ ನೋಡುವಾಗ ಇನ್ನೊಂದು ಗೊತ್ತಾಯ್ತು. ಎಸ್‌ಐಪಿಯ ಬಾಗಿಲಾದ 5060 ಪೋರ್ಟು ಹೊರಗೆ ತೆರೆದಿಟ್ಟದ್ದಕ್ಕೆ ಎಲ್ಲೆಲ್ಲಿಂದಲೋ ರಿಜಿಸ್ಟರ್ ಆಗ್ಲಿಕ್ಕೆ ಪ್ರಯತ್ನ, 100, 101, 102 ಅಂತ ಒಂದೊಂದೇ ನಂಬರಿಗೆ ಪಾಸ್‌ವರ್ಡ್ ಹಾಕಿ ನೋಡುದು, ಹಗಲು ರಾತ್ರಿ. ಈಗ ಆ ಪೋರ್ಟ್ ಮುಚ್ಚಿ ವೈರ್‌ಗಾರ್ಡ್ ಅನ್ನುವ ವಿಪಿಎನ್ (ಖಾಸಗಿ ಸುರಂಗದ ಹಾಗಿನ ದಾರಿ) ಮೂಲಕ ಮಾತ್ರ ಒಳಗೆ ಬಿಡ್ತೇನೆ, ತಂಗಿಯ ಮೊಬೈಲಲ್ಲೂ ಅದನ್ನು ಹಾಕಿಸಿದೆ. ಹೀಗೆ ಮಾಡಿದ ಮೇಲೆ ಅಡ್ರೆಸ್ಸಿನ ಗಲಾಟೆ ಅರ್ಧಕ್ಕರ್ಧ ತಾನಾಗಿಯೇ ಹೋಗ್ತದೆ. ಹೊಸದಾಗಿ ಮಾಡುವವರು ಮೊದಲ ದಿನವೇ ಹೀಗೆ ಮಾಡಿ.

ಮತ್ತೆ ಕೆಲವರು ಕೇಳ್ತಾರೆ, ಇದ್ರಿಂದ ಸಾಮಾನ್ಯ ನಂಬರಿಗೆ ಕರೆ ಮಾಡ್ಬಹುದಾ ಅಂತ. ತಾಂತ್ರಿಕವಾಗಿ ಒಂದು ಟ್ರಂಕ್, ಹೇಳಿದ್ರೆ ಹೊರಗಿನ ಫೋನ್ ನೆಟ್‌ವರ್ಕಿಗೆ ಹೋಗುವ ಲೈನು, ಜೋಡಿಸಿದ್ರೆ ಆಯ್ತು, ಆದ್ರೆ ಮಾಡ್ಬೇಡಿ. ಇಂಟರ್ನೆಟ್ಟಿಂದ ಇಂಟರ್ನೆಟ್ಟಿಗೆ ಮಾತಾಡುದು ನಮ್ಮಲ್ಲಿ 2002ರ ಏಪ್ರಿಲಿಂದ ಕಾನೂನು ಪ್ರಕಾರ ಸರಿ, ಲೈಸೆನ್ಸ್ ಇಲ್ಲದವರು ಇಂಟರ್ನೆಟ್ ಕರೆಯನ್ನು ಊರ ಫೋನ್ ನೆಟ್‌ವರ್ಕಿಗೆ ಇಳಿಸುದು ಅಪರಾಧ, ಸಿಮ್ ಬಾಕ್ಸ್ ಕೇಸುಗಳು ಪೇಪರಲ್ಲಿ ಬರ್ತವಲ್ಲ, ಅದೇ. 2022ರಲ್ಲಿ ಖಾಸಗಿ ನೆಟ್‌ವರ್ಕುಗಳಿಗೆ ಅಂತ ಸರ್ಕಾರ ನಿಯಮ ತಂದಿತು, ಅದರಲ್ಲೂ ಸಾರ್ವಜನಿಕ ನೆಟ್‌ವರ್ಕಿಗೆ ಜೋಡಿಸುವ ಹಾಗಿಲ್ಲ ಅಂತ ಉಂಟು.

ಮೂರು ವಾರ ಬಿಟ್ಟು ಅಮ್ಮ ಪುನಃ ಕಣ್ಣಿಗೆ ಬಂದ್ರು. ಈ ಸಲ ಅವರೇ ಕೇಳಿದ್ರು, "ಮಗಾ, ಆ ಫೋನ್ ಸಮ ಆಯ್ತಾ?" ಅಂತ. 301 ಒತ್ತಿ ನಿಂತ್ಕೊಂಡೇ ಮಾತಾಡ್ಲಿಕ್ಕೆ ಶುರು ಮಾಡಿದವರು ಆಮೇಲೆ ಕುರ್ಚಿ ಎಳ್ಕೊಂಡು ಕೂತ್ರು. ಅಡಿಕೆಗೆ ಕೊಳೆರೋಗ ಬಂದದ್ದು, ಈ ವರ್ಷ ಹಪ್ಪಳ ಎಷ್ಟು ಮಾಡಿದ್ದು, ಆಚೆಮನೆ ದನ ಕರು ಹಾಕಿದ್ದು, 40 ನಿಮಿಷ. ವಾಟ್ಸಾಪ್ ವಿಡಿಯೋದಲ್ಲಿ ಅಮ್ಮ ಇಷ್ಟು ಮಾತಾಡಿದ್ದನ್ನು ನಾನು ನೋಡಿಲ್ಲ, ಅದ್ರಲ್ಲಿ ಅವರಿಗೆ ಎಲ್ಲಿ ನೋಡುದು ಎಲ್ಲಿ ಒತ್ತುದು ಅಂತಲೇ ಅರ್ಧ ಗಮನ ಹೋಗ್ತದೆ. ಕಿವಿಗೆ ಹಿಡಿಯುವ ಫೋನು ಅವರ ಕೈಗೆ ಇಪ್ಪತ್ತು ವರ್ಷದಿಂದ ಅಭ್ಯಾಸ. ಕಲಿಯುವ ಕೆಲಸವನ್ನೆಲ್ಲ ಆಚೆ ಕೂತ ಕಂಪ್ಯೂಟರೇ ಮಾಡಿದ್ರೆ ಸಾಕಲ್ವಾ, ಅಮ್ಮನಿಗೆ ಯಾಕೆ ಆ ಕಷ್ಟ?

ಇಟ್ಟ ಮೇಲೆ ಕೇಳಿದ್ರು, "ಇದನ್ನು ಮನೆಗೆ ತಕೊಂಡು ಹೋಗ್ಲಿಕ್ಕೆ ಆಗುದಿಲ್ವಾ?" ನಮ್ಮ ಮನೆಯಲ್ಲಿ ಸಿಗ್ನಲ್ ಬೇಕಿದ್ರೆ ಗುಡ್ಡೆ ಹತ್ತಬೇಕು, ಮಳೆಗಾಲದಲ್ಲಿ ಅದೂ ಆಗುದಿಲ್ಲ. ಆಗುದಿಲ್ಲ ಅಮ್ಮ, ಗಾಳಿಗೆ ಬಿಡ್ಲಿಕ್ಕೆ ಲೈಸೆನ್ಸ್ ಬೇಕು ಅಂದೆ. ಮೆಕ್ಸಿಕೋದ ಓಹಾಕಾ ರಾಜ್ಯದಲ್ಲಿ ತಲೇಯಾ ದೆ ಕಾಸ್ತ್ರೋ ಅಂತ ಒಂದು ಬೆಟ್ಟದ ಊರು ಉಂಟು, ಅಲ್ಲಿಯವರು ರಿಜೋಮ್ಯಾಟಿಕಾ ಅನ್ನುವ ಸಂಸ್ಥೆ ಜೊತೆ ಸೇರಿ 2013ರಲ್ಲಿ ತಮ್ಮದೇ ನೆಟ್‌ವರ್ಕ್ ಹಾಕಿದ್ರು, ಅಮೆರಿಕಕ್ಕೆ ದುಡೀಲಿಕ್ಕೆ ಹೋದ ಮಕ್ಕಳಿಗೆ ಇದೇ ರೀತಿ ಇಂಟರ್ನೆಟ್ ಮೂಲಕ ಕಡಿಮೆ ದುಡ್ಡಲ್ಲಿ ಮಾತಾಡಿದ್ರು, 2016ರಲ್ಲಿ ಅಲ್ಲಿನ ಸರ್ಕಾರ ಅಂತ ಊರುಗಳ ಸಂಘಕ್ಕೆ ಪರವಾನಗಿಯನ್ನೂ ಕೊಟ್ಟಿತು. ಅಂತ ಊರುಗಳ ನೆಟ್‌ವರ್ಕಲ್ಲೂ ಓಸ್ಮೋಕಾಮ್ ಬಳಸಿದ್ದಾರೆ. ಘಾಟಿ ಬುಡದ ನಮ್ಮ ಊರುಗಳಿಗೂ ಅಂತದ್ದೊಂದು ಪರವಾನಗಿ ಬೇಕು ಅಂತ ನಾನು ಸಿಕ್ಕಿದ ಸಭೆಯಲ್ಲೆಲ್ಲ ಹೇಳ್ತಾ ಇದ್ದೇನೆ, ಇಲ್ಲೂ ಹೇಳ್ತೇನೆ.

ಅಮ್ಮನನ್ನು ಬಸ್ಸಿಗೆ ಹತ್ತಿಸಿ ಬಂದು ಲ್ಯಾಬಿನ ಬಾಗಿಲು ತೆರೆಯುವಾಗ ಫೋನು ಪುನಃ ರಿಂಗಾಗ್ತಾ ಇತ್ತು. ತಂಗಿ. "ಅಮ್ಮ ಹೋದ್ರಾ ಅಣ್ಣ? ಹಪ್ಪಳ ಯಾರ ಹತ್ರ ಕಳಿಸುದು ಅಂತ ಕೇಳ್ಲಿಕ್ಕೆ ಮರ್ತುಹೋಯ್ತು."