ಮಿಕ್ಸಿ ಹಾಕೋ ಮುಂಚೆ

ಭಾನುವಾರ, 17 ಆಗಸ್ಟ್ 2025
ರಾತ್ರಿ 11:20, ಹನುಮಂತನಗರ, ಅಮ್ಮನ ಮನೆ

ಎಡಗೈ ಹೆಬ್ಬೆರಳಿನಲ್ಲಿ ಗುಳ್ಳೆ ಎದ್ದಿದೆ. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ. ಕೊಬ್ಬರಿ ಎಣ್ಣೆ ಬಾಟಲಿ ತಂದು ಪಕ್ಕದಲ್ಲಿಟ್ಟು ಮಲಗಲು ಹೋದಳು. ನಲವತ್ತು ವರ್ಷದ ಗಂಡಸು ಟೀವಿ ಗೇಮ್ ಆಡಿ ಗುಳ್ಳೆ ಮಾಡಿಕೊಂಡರೆ ಅನ್ನೋಕೆ ತಾನೇ ಏನಿರುತ್ತೆ?

ಆದರೂ ಇವತ್ತೇ ಬರೆದಿಡಬೇಕು. ಸಂಜೆ ‘ಅಡ್ವೆಂಚರ್ ಐಲ್ಯಾಂಡ್’ ಮುಗಿಸಿದೆ. ಎಂಟು ಊರು, ಊರಿಗೆ ನಾಲ್ಕು ಸ್ಟೇಜ್, ಒಟ್ಟು 32. 1996ರ ಬೇಸಿಗೆ ರಜೆಯಲ್ಲಿ ಇದೇ ಹಾಲ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಆಟ.

ತೊಂಬತ್ತರ ದಶಕದಲ್ಲಿ ಮನೆಯಲ್ಲಿ ಟೀವಿ ಗೇಮ್ ಇದ್ದವರಿಗೆ ಈ ಆಟ ಗೊತ್ತೇ ಇರುತ್ತದೆ, ಹೆಸರು ಮಾತ್ರ ಬೇರೆ ಇದ್ದಿರಬಹುದು. ನಮ್ಮ ಕ್ಯಾಸೆಟ್‌ನ ಪಟ್ಟಿಯಲ್ಲಿ ಅದು ‘ಐಲ್ಯಾಂಡರ್’. ಬಿಳಿ ಟೋಪಿ, ಹುಲ್ಲಿನ ಲಂಗ ಹಾಕಿಕೊಂಡ ಒಬ್ಬ ಡುಮ್ಮ ಕಲ್ಲಿನ ಕೊಡಲಿ ಎಸೆಯುತ್ತಾ ಓಡುತ್ತಾನೆ. ಮಾರಿಯೋದಲ್ಲಿ ಒಂದು ಕಡೆ ನಿಂತು ಸ್ವಲ್ಪ ಯೋಚನೆ ಮಾಡಬಹುದು. ಇಲ್ಲಿ ಅದಕ್ಕೂ ಪುರುಸೊತ್ತಿಲ್ಲ. ಮೇಲೆ ಒಂದು ಪಟ್ಟಿ ಇದೆ, ಹಸಿವಿನ ಪಟ್ಟಿ ಅನ್ನಿ. ಅದು ಸದಾ ಕರಗುತ್ತಾ ಇರುತ್ತದೆ. ಹಣ್ಣು ತಿಂದರೆ ಒಂದಿಷ್ಟು ತುಂಬುತ್ತದೆ. ಕಲ್ಲು ಎಡವಿದರೆ ಇನ್ನಷ್ಟು ಇಳಿಯುತ್ತದೆ. ಹಾವು, ಕಪ್ಪೆ, ಬಸವನಹುಳು, ಯಾವುದು ತಾಗಿದರೂ ಒಂದೇ ಏಟಿಗೆ ಔಟ್. ಬಸವನಗುಡಿ ಪಕ್ಕದಲ್ಲೇ ಬೆಳೆದು ಬಸವನಹುಳುವಿಗೆ ಇಷ್ಟು ಹೆದರಿದವನು ನಾನೊಬ್ಬನೇ ಇರಬೇಕು.

ಇರೋದು ಮೂರೇ ಲೈಫ್. ಅದೂ ಹೋಗಲಿ ಅನ್ನಬಹುದು. ಈ ಆಟದ ನಿಜವಾದ ವಿಷ ಬೇರೆ ಕಡೆ ಇದೆ. ಔಟ್ ಆದರೆ ಕೈಯಲ್ಲಿದ್ದ ಕೊಡಲಿಯೂ ಹೋಗುತ್ತದೆ. ಕೊಡಲಿ ಇದ್ದಾಗಲೇ ದಾಟಲಾಗದ ಜಾಗವನ್ನು ಈಗ ಬರಿಗೈಯಲ್ಲಿ ದಾಟಬೇಕು. ಗಾಯದ ಮೇಲೆ ಬರೆ ಅಂದರೆ ಇದೇ. ಮೊದಲ ಎರಡು ಊರಲ್ಲಿ ಹೇಗೋ ನಡೆಯುತ್ತದೆ. ಆರನೇ ಊರಿನ ಹೊತ್ತಿಗೆ ಒಂದು ಲೈಫ್ ಹೋಯಿತು ಅಂದರೆ ಉಳಿದ ಎರಡೂ ಹೋದವು ಅಂತಲೇ ಲೆಕ್ಕ.

ಮತ್ತೆ ಬದನೆಕಾಯಿ. ದಾರಿಯಲ್ಲಿ ಮೊಟ್ಟೆಗಳಿರುತ್ತವೆ. ಒಡೆದರೆ ಕೆಲವದರಲ್ಲಿ ಕೊಡಲಿ, ಕೆಲವದರಲ್ಲಿ ಸ್ಕೇಟ್‌ಬೋರ್ಡ್, ಕೆಲವದರಲ್ಲಿ ಬದನೆಕಾಯಿ. ಅದು ತಲೆಗೆ ಅಂಟಿಕೊಂಡು ಹಸಿವಿನ ಪಟ್ಟಿಯನ್ನು ಗಟಗಟ ಕುಡಿಯುತ್ತದೆ. ಆ ದಿನಗಳಲ್ಲಿ ನಾನು ಎಣ್ಣೆಗಾಯಿ ಪಲ್ಯ ಮುಟ್ಟುತ್ತಿರಲಿಲ್ಲ. ‘ಇವನಿಗೆ ಬದನೆಕಾಯಿ ಅಂದ್ರೆ ಯಾಕೋ ಆಗಲ್ಲ’ ಅಂತ ಅಮ್ಮ ನೆಂಟರಿಗೆಲ್ಲ ಹೇಳುತ್ತಿದ್ದಳು. ಕಾರಣ ಅಕ್ಕನಿಗೆ ಮಾತ್ರ ಗೊತ್ತಿತ್ತು.

ಆಟದ ಪಂಟರು ಅಕ್ಕನೇ. ನಾನು ಪಕ್ಕದಲ್ಲಿ ಕೂತು ಎರಡನೇ ರಿಮೋಟ್ ಹಿಡಿದುಕೊಳ್ಳುತ್ತಿದ್ದೆ, ಸುಮ್ನೆ, ಅದರಿಂದ ಏನೂ ಆಗುತ್ತಿರಲಿಲ್ಲ. 1995ರಲ್ಲಿ ಅಪ್ಪ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಿಂದ ಸೆಟ್ ತಂದಿದ್ದರು. ಜಪಾನಿನ ನಿಂಟೆಂಡೋ ಕಂಪನಿಯ ಗೇಮ್ ಸೆಟ್ ಫ್ಯಾಮಿಕಾಮ್‌ನ ಡೂಪ್ಲಿಕೇಟ್ ಅದು. ನಿಂಟೆಂಡೋ ಅನ್ನೋ ಹೆಸರನ್ನು ಆಗ ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಕಾಂಟ್ರಾ ಅನ್ನೋ ಇನ್ನೊಂದು ಆಟವನ್ನು ಬೀದಿಯ ಎಲ್ಲ ಹುಡುಗರೂ ಮುಗಿಸಿದ್ದರು, 30 ಲೈಫ್ ಕೊಡುವ ಗುಟ್ಟಿನ ಬಟನ್‌ಗಳು ಗೊತ್ತಿದ್ದವಲ್ಲ! ಆ ಗುಟ್ಟನ್ನು ಮೊದಲು ಮಾಡಿದ್ದು ಕೊನಾಮಿ ಕಂಪನಿಯ ಕಜುಹಿಸಾ ಹಶಿಮೋಟೊ, 1986ರ ಗ್ರೇಡಿಯಸ್ ಆಟಕ್ಕೆ. ಆಟವನ್ನು ಪರೀಕ್ಷೆ ಮಾಡಬೇಕಿತ್ತು, ಆಡಲು ಹೋದರೆ ಅವರಿಗೇ ಕಷ್ಟ. ಮಾಡಿದವರಿಗೇ ಆಗದ ಆಟ ಹತ್ತು ವರ್ಷದ ನಮಗೆ ಹೇಗೆ ಆಗಬೇಕಿತ್ತೋ.

ಆಟಗಳನ್ನು ಹಾಗೆ ಕಷ್ಟ ಮಾಡಿದ್ದಕ್ಕೂ ಒಂದು ಲೆಕ್ಕ ಇತ್ತು. ಇಡೀ ಸೂಪರ್ ಮಾರಿಯೋ 40 ಕಿಲೋಬೈಟ್. ಅಕ್ಕ ದಿನಾ ಬೆಳಗ್ಗೆ ಕಳಿಸುವ ಸುಪ್ರಭಾತದ ಚಿತ್ರ ಅದಕ್ಕಿಂತ ದಪ್ಪ ಇರುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಆರು ತಿಂಗಳ ಆಟ ತುಂಬಬೇಕಾದರೆ ಇರೋದು ಒಂದೇ ದಾರಿ, ಅದೇ ಜಾಗದಲ್ಲಿ ನೂರು ಸಲ ಸಾಯಿಸೋದು. ಅದರ ಮೇಲೆ ನಮ್ಮ ‘ಐಲ್ಯಾಂಡರ್’ ಮೂಲದಲ್ಲಿ ಕಾಸು ಹಾಕಿ ಆಡುವ ಯಂತ್ರದ ಆಟ, ಸೆಗಾ ಕಂಪನಿಯ ‘ವಂಡರ್ ಬಾಯ್’. ಬೇಗ ಔಟ್ ಆದಷ್ಟೂ ಅಂಗಡಿಯವನಿಗೆ ಲಾಭ. ಹಡ್ಸನ್ ಕಂಪನಿ ಅದನ್ನು 1986ರಲ್ಲಿ ಫ್ಯಾಮಿಕಾಮ್‌ಗೆ ತಂದಾಗ ವಂಡರ್ ಬಾಯ್ ಹೆಸರೂ ಹೀರೋನೂ ಸೆಗಾದ ಹತ್ತಿರವೇ ಉಳಿದವು. ಹೊಸ ಹೀರೋ ಬೇಕಾಯಿತು. ತಮ್ಮ ಕಂಪನಿಯ ನೌಕರನನ್ನೇ ಹಾಕಿಬಿಟ್ಟರು! ತಕಹಾಶಿ ಮೇಯ್ಜಿನ್ ಅಂತ, ಸೆಕೆಂಡಿಗೆ 16 ಸಲ ಬಟನ್ ಒತ್ತುತ್ತಾರೆ ಅಂತ ಜಪಾನಿನಲ್ಲಿ ಹೆಸರಾದವರು. ಆ ಬಿಳಿ ಟೋಪಿಯ ಡುಮ್ಮ ನಿಜವಾಗಿಯೂ ಒಬ್ಬ ಮನುಷ್ಯ ಅಂತ ನನಗೆ ಗೊತ್ತಾಗಿದ್ದೇ ಮೂವತ್ತು ದಾಟಿದ ಮೇಲೆ.

ಇನ್ನೊಂದು ಮಜಾ. ಪ್ರತಿ ಸ್ಟೇಜಿನಲ್ಲೂ ಒಂದು ಮಡಕೆ ಸಿಗುತ್ತದೆ. ‘ಎಲ್ಲಾ ಮಡಕೆ ತಗೊಂಡ್ರೆ ಮಾತ್ರ ಕೊನೇ ಊರು ತೆಗೆಯೋದು’ ಅಂತ ಎದುರು ಮನೆಯ ಅಣ್ಣ ಒಬ್ಬ ಹೇಳಿದ್ದ. ಅಕ್ಕ ಅದನ್ನು ನಂಬಿ ಮಡಕೆಗೋಸ್ಕರ ಎಷ್ಟು ಸಲ ಸತ್ತಳೋ ಲೆಕ್ಕ ಇಲ್ಲ. ನಮ್ಮ ಆಟದಲ್ಲಿ ಮಡಕೆಯಿಂದ ಸಿಗೋದು ಬರೀ ಪಾಯಿಂಟ್. ಅವನು ಬುರುಡೆ ಬಿಟ್ಟ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಆದರೆ ಮೂಲದ ವಂಡರ್ ಬಾಯ್ ಯಂತ್ರದಲ್ಲಿ ಮಡಕೆ ಬದಲು ಗೊಂಬೆಗಳಿದ್ದವು, 28 ಗೊಂಬೆಗಳನ್ನೂ ತಗೊಂಡರೆ ಮಾತ್ರ ಎಂಟನೇ ಊರು ತೆರೆಯುತ್ತಿತ್ತು! ಆ ಮಾತು ಸೆಗಾ ಯಂತ್ರದಿಂದ ಹೊರಟು ಹನುಮಂತನಗರದ ಎರಡನೇ ಅಡ್ಡರಸ್ತೆಗೆ ಹೇಗೆ ಬಂತು, ದೇವರೇ ಬಲ್ಲ.

ಈಗ ಮಿಕ್ಸಿ ವಿಷಯ. ವಿಶ್ವಕಪ್ ಮುಗಿದ ಬೇಸಿಗೆ ಅದು. ಒಂದು ದಿನ ಅಕ್ಕ ಬೆಳಗ್ಗೆಯಿಂದ ಆಡಿ ಎಂಟನೇ ಊರಿನ ಮೊದಲ ಸ್ಟೇಜ್ ಮುಟ್ಟಿದಳು. ಕೊಡಲಿ ಇತ್ತು, ಎರಡು ಲೈಫ್ ಇದ್ದವು. ಊಟಕ್ಕೆ ಕರೆದರು. ಪಾಜ್ ಒತ್ತಿ ಆಟವನ್ನು ಹಾಗೇ ನಿಲ್ಲಿಸಿ, ಟೀವಿ ಮಾತ್ರ ಆರಿಸಿ ಎದ್ದಳು. ಸೆಟ್ ಆನ್‌ನಲ್ಲೇ ಇತ್ತು, ಅದರ ಅಡಾಪ್ಟರ್ ದೋಸೆ ಕಾವಲಿಯ ಹಾಗೆ ಕಾದಿತ್ತು. ಸೇವ್ ಇಲ್ಲದ ಆಟ, ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಅಡುಗೆಮನೆಯ ಪ್ಲಗ್ ಕೆಟ್ಟಿದ್ದ ಕಾಲ. ಅಮ್ಮ ಚಟ್ನಿ ರುಬ್ಬಲು ಮಿಕ್ಸಿಯನ್ನು ಹಾಲ್‌ಗೆ ತಂದಳು. ಟೀವಿ ಆರಿದೆ, ಈ ಕರೀ ಡಬ್ಬ ಯಾಕೆ ಸುಮ್ನೆ ಕರೆಂಟ್ ತಿನ್ನಬೇಕು ಅಂತ ಅದರ ಪ್ಲಗ್ ಕಿತ್ತಳು.

ಅಕ್ಕ ಅಳಲಿಲ್ಲ. ಚಟ್ನಿ ಹಾಕಿಕೊಳ್ಳದೆ ಊಟ ಮುಗಿಸಿ ಎದ್ದುಹೋದಳು. ಆಮೇಲೆ ಹತ್ತನೇ ಕ್ಲಾಸು, ಪಿಯುಸಿ. ಅವಳು ಆ ಆಟ ಮತ್ತೆ ಮುಟ್ಟಲಿಲ್ಲ.

ಹೋದ ಏಪ್ರಿಲ್‌ನಲ್ಲಿ ಅಟ್ಟ ಕ್ಲೀನ್ ಮಾಡುವಾಗ ಸೆಟ್ ಸಿಕ್ಕಿತು. ಅದಕ್ಕೂ ಮೊದಲೇ ನಾನು ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್ (ಹಳೇ ಸೆಟ್ಟಿನ ಆಟಗಳನ್ನು ಆಡಿಸುವ ಸಾಫ್ಟ್‌ವೇರ್) ಹಾಕಿಕೊಂಡು ಎರಡು ವರ್ಷದಿಂದ ಕದ್ದು ಆಡುತ್ತಿದ್ದೆ. ಮೂರನೇ ಊರು ದಾಟಲು ಆಗುತ್ತಿರಲಿಲ್ಲ. ನೀರಿನ ಮೇಲಿನ ಜಿಗಿತದಲ್ಲಿ ಪ್ರತಿ ಸಲವೂ ಕೂದಲೆಳೆಯಷ್ಟು ತಡ. ವಯಸ್ಸಾಯಿತು ಅಂತ ಬೇಜಾರು ಮಾಡಿಕೊಂಡಿದ್ದೆ. ಎಸ್‌ಪಿ ರೋಡಿನಲ್ಲಿ ಹೊಸ ಅಡಾಪ್ಟರ್ ತಂದು, ಕ್ಯಾಸೆಟ್‌ನ ಹಲ್ಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಗುಜರಿಯಿಂದ ತಂದ ಡಬ್ಬಾ ಟೀವಿಗೆ ಹಾಕಿದಾಗ ಗುಟ್ಟು ಗೊತ್ತಾಯಿತು. (ನಾವೆಲ್ಲ ಕ್ಯಾಸೆಟ್‌ಗೆ ಊದುತ್ತಿದ್ದೆವಲ್ವಾ? ಉಸಿರಿನ ತೇವ ತಾಗಿ ಹಲ್ಲುಗಳು ಇನ್ನಷ್ಟು ಹಾಳಾಗುತ್ತಿದ್ದವಂತೆ.)

ಹಾಡು ನಿಧಾನ ಇತ್ತು. ಡುಮ್ಮನೂ ನಿಧಾನ.

ಜಪಾನಿನ ಟೀವಿಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತಿತ್ತು. ಪಾಲ್ ಅನ್ನೋ ಪದ್ಧತಿಯ ನಮ್ಮ ದೇಶದ ಟೀವಿಯಲ್ಲಿ 50 ಸಲ. ಆ ಕಾಲದ ಆಟಗಳಿಗೆ ಗಡಿಯಾರ ಅಂದರೆ ಈ ಚಿತ್ರಗಳ ಎಣಿಕೆಯೇ. ಹಾಗಾಗಿ ಜಪಾನಿನಲ್ಲಿ ಒಂದು ನಿಮಿಷಕ್ಕೆ ಮುಗಿಯುವ ದಾರಿ ನಮ್ಮ ಸೆಟ್‌ನಲ್ಲಿ 72 ಸೆಕೆಂಡ್ ಹಿಡಿಯುತ್ತಿತ್ತು. ನನ್ನ ಹೆಬ್ಬೆರಳು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಕಲಿತಿದ್ದು ಆ 50ರ ತಾಳವನ್ನು. ಲ್ಯಾಪ್‌ಟಾಪ್ ಹಾಕುತ್ತಿದ್ದದ್ದು 60ರ ತಾಳ. ವಯಸ್ಸಿನ ಮೇಲೆ ಹಾಕಿದ್ದ ಆಪಾದನೆಯನ್ನು ಪೂರ್ತಿ ಅಲ್ಲದಿದ್ದರೂ ಅರ್ಧ ವಾಪಸ್ ತಗೊಂಡೆ.

‘ನಿಧಾನ ಮಾಡ್ಕೊಂಡು ಆಡಿದ್ರೆ ಮೋಸ ಅಲ್ವಾ ಅಪ್ಪಾ?’ ಮಗಳು ಕೇಳಿದಳು. ಹತ್ತು ವರ್ಷ ಅವಳಿಗೆ, ನ್ಯಾಯಾಧೀಶೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಹಳೇ ನಿಂಟೆಂಡೋ ಟೆಟ್ರಿಸ್ ಅನ್ನು 157ನೇ ಲೆವೆಲ್‌ವರೆಗೆ ಆಡಿ, ಆಟವೇ ಸುಸ್ತಾಗಿ ನಿಂತುಬಿಟ್ಟ ವಿಡಿಯೋ ತೋರಿಸಿದ್ದೂ ಅವಳೇ. ಅವನ ಜೊತೆ ಹೋಲಿಸಿದರೆ ನನ್ನದು ಮೋಸವೇ ಇರಬಹುದು. ಗಲ್ಲಿ ಕ್ರಿಕೆಟ್‌ನಲ್ಲಿ ಎದುರು ಮನೆ ಕಾಂಪೌಂಡಿಗೆ ಚೆಂಡು ಹೋದರೆ ಔಟ್ ಅಂತ ಇರುತ್ತಲ್ಲ, ಹಾಗೆ ನಾನೂ ರೂಲ್ಸ್ ಮಾಡಿಕೊಂಡೆ. ನಡುವೆ ಎಲ್ಲೂ ಸೇವ್ ಇಲ್ಲ. ಒತ್ತಿ ಹಿಡಿದರೆ ತಾನೇ ಪಟಪಟ ಒತ್ತಿಕೊಳ್ಳುವ ಟರ್ಬೋ ಬಟನ್ ಮುಟ್ಟುವ ಹಾಗಿಲ್ಲ. ಜೇನುಹುಳ ಮಾತ್ರ ಇರಲಿ. ಮೊದಲ ಸ್ಟೇಜಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಮೊಟ್ಟೆ ಇದೆ, ಅದರಲ್ಲಿ ಹಡ್ಸನ್ ಕಂಪನಿಯ ಜೇನುಹುಳ. ಅದು ಸಿಕ್ಕಿದರೆ ಮೂರೂ ಲೈಫ್ ಹೋದ ಮೇಲೂ ಆಟ ಮುಂದುವರಿಸಬಹುದು. ಆಟ ಮಾಡಿದವರೇ ಇಟ್ಟಿದ್ದು, ಅದರಲ್ಲಿ ಮೋಸ ಏನು ಬಂತು? ಚಿಕ್ಕವರಿದ್ದಾಗ ಇದು ನಮಗೆ ಗೊತ್ತೇ ಇರಲಿಲ್ಲ. ಅಕ್ಕ ಎಂಟನೇ ಊರು ಮುಟ್ಟಿದ್ದು ಜೇನುಹುಳ ಇಲ್ಲದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು.

ಇವತ್ತು ಮೂರು ಗಂಟೆಗೆ ಕೂತೆ. ಮೋಡ ಕವಿದಿತ್ತು, ಅದಕ್ಕೇ ಸೆಟ್ ಮತ್ತು ಟೀವಿ ಎರಡನ್ನೂ ಯುಪಿಎಸ್ ಲೈನಿಗೆ ಹಾಕಿದ್ದೆ. ಮೈಸೂರಿನಲ್ಲಿರುವ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಹಾರ್ಲಿಕ್ಸ್ ಬಾಟಲಿಗೆ ಒರಗಿಸಿ ಇಟ್ಟೆ. ಅವಳು ಅಲ್ಲಿ ಅವರೆಕಾಳು ಹಿಚುಕ್ತಾ ಕೂತಿದ್ದಳು.

‘ಲೋ, ಮುಂದೆ ಮೊಟ್ಟೆ ಬರುತ್ತೆ, ಒಡೀಬೇಡ. ಬದನೆಕಾಯಿ.’

ಒಡೆದೆ. ಬದನೆಕಾಯಿ.

‘ಹೇಳಿದ್ನಲ್ಲ! ಈಗಲೂ ನನ್ ಮಾತು ಕೇಳಲ್ಲ ನೀನು.’

29 ವರ್ಷ ಆದ ಮೇಲೆ! ಯಾವ ಮೊಟ್ಟೆಯಲ್ಲಿ ಏನಿದೆ, ಎಲ್ಲಿ ಸ್ಕೇಟ್‌ಬೋರ್ಡ್ ಬಿಟ್ಟುಹೋಗಬೇಕು (ಹತ್ತಿದರೆ ನಿಲ್ಲಿಸೋಕೆ ಆಗಲ್ಲ), ಎಲ್ಲಿ ಒಂದು ಹೆಜ್ಜೆ ಹಿಂದೆ ಬಂದು ಜಿಗಿಯಬೇಕು, ಎಲ್ಲ ಅವಳಿಗೆ ನೆನಪಿತ್ತು. ಈ ಆಟಗಳಲ್ಲಿ ಚುರುಕು ಕಮ್ಮಿ ಸಾಕು, ನೆನಪು ಜಾಸ್ತಿ ಬೇಕು. ಯಾವ ಹಾವೂ ತನ್ನ ಜಾಗ ಬಿಟ್ಟು ಬೇರೆ ಕಡೆ ಬರುವುದಿಲ್ಲ.

ಆರನೇ ಊರಿನಲ್ಲಿ ಒಂಬತ್ತು ಸಲ ಜೇನುಹುಳದ ಕಾಲು ಹಿಡಿದೆ. ಏಳರಲ್ಲಿ ನಾಲ್ಕು ಸಲ. ಎಂಟನೇ ಊರಿನ ಮೊದಲ ಸ್ಟೇಜ್ ಮುಗಿದಾಗ ಫೋನಿನಿಂದ ಸದ್ದೇ ಇಲ್ಲ. ಲೈನ್ ಹೋಯಿತೇನೋ ಅಂತ ನೋಡಿದೆ. ಅಕ್ಕ ಕಾಳು ಬಿಟ್ಟು ಫೋನಿಗೆ ಮುಖ ಅಂಟಿಸಿಕೊಂಡಿದ್ದಳು.

‘ಇಲ್ಲಿಂದ ಮುಂದೆ ನಂಗೂ ಗೊತ್ತಿಲ್ಲ ಕಣೋ.’

ಆಮೇಲೆ ಇಬ್ಬರೂ ಮಾತಾಡಲಿಲ್ಲ. ಮೂರು ಸ್ಟೇಜಿಗೆ ಒಂದೂವರೆ ಗಂಟೆ ಹಿಡಿಯಿತು. ಒಂದು ಸಲ ಗುಡುಗಿತು, ಲೈಟು ಮಿನುಗಿತು, ಯುಪಿಎಸ್ ‘ಟಿಕ್’ ಅಂತು. ಆಟ ನಿಲ್ಲಲಿಲ್ಲ. ಕೊನೆಯ ರಾಕ್ಷಸನ ಹತ್ತಿರ ಹೋದಾಗ ಕೈಯಲ್ಲಿ ಕೊಡಲಿ ಇತ್ತು, ಲೈಫ್ ಒಂದೇ. ಪ್ರತಿ ಊರಿನ ಕೊನೆಯಲ್ಲೂ ಇವನೇ ಬೇರೆ ಬೇರೆ ತಲೆ ಹಾಕಿಕೊಂಡು ಬರುತ್ತಾನೆ. ಬೆಂಕಿ ಉಂಡೆ ತಪ್ಪಿಸಿಕೊಂಡು, ಜಿಗಿದು, ತಲೆಗೇ ಹೊಡೆಯಬೇಕು. ಎಷ್ಟು ಹೊಡೆದೆನೋ ಎಣಿಸಲಿಲ್ಲ. ತಕಹಾಶಿಯವರ 16 ಅಲ್ಲ, ಸೆಕೆಂಡಿಗೆ ಮೂರೋ ನಾಲ್ಕೋ.

ತಲೆ ಹಾರಿತು.

ಅಕ್ಕ ಅಲ್ಲಿಂದ ಕೂಗಿದ ಕೂಗಿಗೆ ಭಾವ ಓಡಿಬಂದರು, ಏನಾಯ್ತೋ ಅಂತ. ಮಗಳು ಸೋಫಾ ಮೇಲೆ ಕುಣಿಯುತ್ತಿದ್ದಳು, ಮೋಸದ ಮಾತು ಮರೆತೇಹೋಗಿತ್ತು. ನಾನು ರಿಮೋಟ್ ಕೆಳಗಿಟ್ಟು ತಿರುಗಿ ನೋಡಿದೆ.

ಅಡುಗೆಮನೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈಯಲ್ಲಿ ಮಿಕ್ಸಿ ಜಾರು. ಅದರಲ್ಲಿ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಹುರಿಗಡಲೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಡುಗೆಮನೆಯಲ್ಲಿ ಈಗ ನಾಲ್ಕು ಪ್ಲಗ್ ಇವೆ, ಒಂದೂ ಕೆಟ್ಟಿಲ್ಲ.

‘ಮುಗೀತಾ?’ ಅಂದಳು. ‘ಇನ್ನು ಮಿಕ್ಸಿ ಹಾಕ್ಲಾ?’

ಫೋನಿನಲ್ಲಿ ಅಕ್ಕ ಅಂದಳು: ‘ಹಾಕಮ್ಮ.’