ಮೊದಲ ಪೆಟ್ಟಿಗೆ ಸದ್ದಿಲ್ಲ

ನವೆಂಬರ್ 14, 2021, ಭಾನುವಾರ

ಮೂರು ದಿನಗಳಿಂದ ಬಿಸಿಲಿನ ಮುಖ ಕಂಡಿಲ್ಲ. ಒಗೆದ ಬಟ್ಟೆಗಳೆಲ್ಲ ನಡುಮನೆಯ ಹಗ್ಗದಲ್ಲಿ ಜೋತಾಡುತ್ತಿವೆ. ಎರಡನೆಯ ಲೋಟ ಕಾಫಿ ಹಿಡಿದು ಹಳೆಯ ರೇಡಿಯೋ ಪ್ರಸಾರವೊಂದರ ಧ್ವನಿಮುದ್ರಣ ಹಾಕಿಕೊಂಡು ಕುಳಿತೆ. ಅಂದೂ ನವೆಂಬರ್ 14, ಅಂದೂ ಭಾನುವಾರ. ಇಸವಿ ಮಾತ್ರ 1943. ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೈನ್, ವಯಸ್ಸು 25.

“ಯಾವ ಬಸ್ಸಿನ ಕಂಡಕ್ಟರು?” ಎಂದರು ಅಮ್ಮ. ಟಿಕೆಟ್ ಕೊಡುವವರಲ್ಲ, ವಾದ್ಯಗಾರರ ಮುಂದೆ ನಿಂತು ಕೋಲು ಆಡಿಸುವವರು ಎಂದೆ. “ಕೋಲು ಆಡಿಸುವುದಕ್ಕೂ ಸಂಬಳ ಕೊಡುತ್ತಾರೆಯೇ?” ಎನ್ನುತ್ತಾ ಒಳಗೆ ಹೋದರು. ಈ ಮನುಷ್ಯ ಆ ಕಾಲದಲ್ಲಿ ಕೋಲನ್ನೂ ಹಿಡಿಯುತ್ತಿರಲಿಲ್ಲ, ಬರಿಗೈಯಲ್ಲೇ ನಡೆಸುತ್ತಿದ್ದ ಎಂದು ಹೇಳಿದ್ದರೆ ಇನ್ನೇನು ಅನ್ನುತ್ತಿದ್ದರೋ.

ಆ ದಿನ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾವನ್ನು ನಡೆಸಬೇಕಾಗಿದ್ದವರು ಬ್ರೂನೋ ವಾಲ್ಟರ್. ಅವರು ಫ್ಲೂ ಬಂದು ಮಲಗಿದರು. ಮುಖ್ಯ ನಿರ್ದೇಶಕ ಆರ್ತರ್ ರೊಜಿನ್ಸ್ಕಿ ದೂರದ ಸ್ಟಾಕ್‌ಬ್ರಿಡ್ಜ್‌ನ ಮನೆಯಲ್ಲಿ, ಹಿಮದ ನಡುವೆ. ಉಳಿದದ್ದು ಸಹಾಯಕನಾಗಿ ಸೇರಿ ಕೆಲವೇ ತಿಂಗಳಾಗಿದ್ದ ಈ ಹುಡುಗ. ಹಿಂದಿನ ಸಂಜೆ ಟೌನ್ ಹಾಲ್‌ನಲ್ಲಿ ಜೆನಿ ಟುರೆಲ್ ಅವನ ಗೀತಗುಚ್ಛವೊಂದನ್ನು ಹಾಡಿದ್ದರು. ಆ ಸಂತೋಷಕೂಟ ಮುಗಿಸಿ ಬೆಳಗಿನ ಜಾವ ಮಲಗಿದವನನ್ನು ಫೋನ್ ಎಬ್ಬಿಸಿತು. ಮಧ್ಯಾಹ್ನ ಮೂರಕ್ಕೆ ಕಛೇರಿ, ದೇಶಕ್ಕೆಲ್ಲ ರೇಡಿಯೋದಲ್ಲಿ ನೇರ ಪ್ರಸಾರ. ಅಭ್ಯಾಸಕ್ಕೆ ಸಮಯವಿಲ್ಲ. ಕಂಬಳಿ ಹೊದ್ದು ಕುಳಿತಿದ್ದ ವಾಲ್ಟರ್ ಎದುರು ಸ್ವರಲಿಪಿಯ ಹಾಳೆ ತಿರುವಿ, ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂದು ಕೇಳಿಕೊಂಡದ್ದಷ್ಟೇ ಸಿದ್ಧತೆ.

ಮೊದಲ ಕೃತಿ ಶೂಮನ್‌ನ ‘ಮ್ಯಾನ್‌ಫ್ರೆಡ್’. ಹೊಸಬನಿಗೆ ಇದಕ್ಕಿಂತ ಕೆಟ್ಟ ಆರಂಭ ಸಿಗುವುದಿಲ್ಲ. ಅದು ಶುರುವಾಗುವುದು ಮೂರು ಬಿರುಸಾದ ಹೊಡೆತಗಳಿಂದ, ಆದರೆ ಮೂರೂ ತಾಳದ ಪೆಟ್ಟು ತಪ್ಪಿಸಿ ಬೀಳುತ್ತವೆ. ಕೈ ಕೆಳಗಿಳಿದಾಗ ಸದ್ದಿಲ್ಲ; ಆ ಮೌನದ ಬೆನ್ನಿಗೆ ಇಡೀ ವೃಂದ ಒಟ್ಟಿಗೆ ಹಾರಬೇಕು. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಅನಾಗತ ಎಡುಪು, ಅಂದರೆ ತಾಳ ಮೊದಲು, ಹಾಡು ಆಮೇಲೆ. ಒಬ್ಬ ಹಾಡುವವನಿಗೇ ಅದು ಬೆವರಿಳಿಸುತ್ತದೆ. ಇಲ್ಲಿ, ಇವನ ಜೊತೆ ಒಮ್ಮೆಯೂ ಅಭ್ಯಾಸ ಮಾಡದ ಅಷ್ಟು ಜನ ಇವನ ಕೈಯೊಂದನ್ನೇ ನಂಬಿ ಗಾಳಿಗೆ ಜಿಗಿಯಬೇಕು. ಮೂರು ಹೊಡೆತಗಳೂ ಮರ ಸೀಳಿದ ಹಾಗೆ ಸ್ವಚ್ಛವಾಗಿ ಬೀಳುತ್ತವೆ. ಕಾಫಿ ಆರುವವರೆಗೂ ಅದೊಂದನ್ನೇ ನಾಲ್ಕು ಸಲ ಹಾಕಿಕೊಂಡೆ.

ಮರುದಿನ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಸುದ್ದಿ. ರೊಜಿನ್ಸ್ಕಿ ಪೋಲೆಂಡಿನ ಕಡೆಯವರು, ವಾಲ್ಟರ್ ಜರ್ಮನಿಯವರು, ಬರ್ನ್‌ಸ್ಟೈನ್‌ನ ಗುರುಗಳಾದ ಫ್ರಿಟ್ಸ್ ರೈನರ್ ಹಂಗೇರಿಯವರು, ಕೂಸೆವಿಟ್ಸ್ಕಿ ರಷ್ಯಾದವರು. ಹೀಗೆ ಯೂರೋಪಿನವರೇ ತುಂಬಿದ್ದ ಕಾಲದಲ್ಲಿ ಅಮೆರಿಕದಲ್ಲೇ, ಮ್ಯಾಸಚೂಸೆಟ್ಸ್‌ನ ಲಾರೆನ್ಸ್‌ನಲ್ಲಿ ಹುಟ್ಟಿದ, ವಲಸೆ ಬಂದ ಯಹೂದಿ ಮನೆತನದ ಹುಡುಗ ಆ ವೇದಿಕೆ ಏರಿದ್ದ. ಅಪ್ಪ ಸ್ಯಾಮ್ ಕೇಶಾಲಂಕಾರದ ಅಂಗಡಿಗಳಿಗೆ ಸಾಮಾನು ಒದಗಿಸುವ ವ್ಯಾಪಾರಿ. ಸಂಗೀತಗಾರನೆಂದರೆ ಮದುವೆಯಿಂದ ಮದುವೆಗೆ ಅಲೆದು ಹೊಟ್ಟೆ ಹೊರೆಯುವವನು ಎಂಬುದು ಅವನ ಹಳೆಯ ಊರಿನ ತಿಳಿವಳಿಕೆ. ಹೀಗಾಗಿ ಮಗನ ಪಿಯಾನೋ ಪಾಠಕ್ಕೆ ಕಾಸು ಬಿಚ್ಚಲು ತಕರಾರು. ನನ್ನ ಅಪ್ಪನೂ ಹಾಗೆಯೇ ಇದ್ದರು. ಅವರ ಅನುಮಾನ ಮಾತ್ರ ನಿಜವಾಯಿತು, ನಾನು ಲೆಕ್ಕಪತ್ರ ಬರೆದುಕೊಂಡಿದ್ದೇನೆ. ಆ ಭಾನುವಾರ ಸ್ಯಾಮ್ ಕಾರ್ನೆಗಿ ಹಾಲ್‌ನಲ್ಲೇ ಇದ್ದ. ಮುಂದೆ ಯಾರೋ ಅವನ ಹಳೆಯ ತಕರಾರನ್ನು ಕೆದಕಿದಾಗ, ಇವನು ಲಿಯೊನಾರ್ಡ್ ಬರ್ನ್‌ಸ್ಟೈನ್ ಆಗುತ್ತಾನೆಂದು ನನಗೇನು ಗೊತ್ತಿತ್ತು ಎಂದನಂತೆ.

ಎಲ್ಲರೂ ಆ ದಿನವನ್ನು ಅವನ ಅದೃಷ್ಟದ ದಿನ ಎನ್ನುತ್ತಾರೆ. ನನಗೆ ಅಷ್ಟು ಖಾತರಿಯಿಲ್ಲ. ಅವನು ಮೊದಲು ಸಂಗೀತ ಬರೆಯುವವನು, ಆಮೇಲೆ ನಡೆಸುವವನು. 1944ರ ಒಂದೇ ವರ್ಷದಲ್ಲಿ ‘ಜೆರೆಮಾಯ’ ಸಿಂಫನಿ, ‘ಫ್ಯಾನ್ಸಿ ಫ್ರೀ’ ಬ್ಯಾಲೆ, ‘ಆನ್ ದ ಟೌನ್’ ಸಂಗೀತ ನಾಟಕ ಮೂರೂ ಜನರ ಮುಂದೆ ಬಂದವು. ನ್ಯೂಯಾರ್ಕಿನ ನಾಟಕಬೀದಿ ಬ್ರಾಡ್‌ವೇಯ ಸಹವಾಸ ಬೇಡ ಎಂದು ಕೂಸೆವಿಟ್ಸ್ಕಿ ಗದರಿದರು. 1951ರಲ್ಲಿ ಗುರು ತೀರಿಕೊಂಡ ಮೇಲೆಯೇ ಅಲ್ಲಿಗೆ ಹೊಸದೊಂದು ಪೂರ್ಣ ಸಂಗೀತ ನಾಟಕ ಕೊಟ್ಟ. 1957ರಲ್ಲಿ ‘ವೆಸ್ಟ್ ಸೈಡ್ ಸ್ಟೋರಿ’, ಬೀದಿ ಗುಂಪುಗಳ ಹೊಡೆದಾಟದ ನಡುವಿನ ಪ್ರೇಮಕಥೆ. ಮರುವರ್ಷವೇ ಫಿಲ್‌ಹಾರ್ಮೋನಿಕ್‌ನ ಹೊಣೆ ಹೆಗಲೇರಿತು. 1969ರಲ್ಲಿ ಅದನ್ನು ಇಳಿಸುವವರೆಗೆ ಬರೆದ ದೊಡ್ಡ ಕೃತಿಗಳೆಂದರೆ ‘ಕಡ್ಡಿಶ್’ ಮತ್ತು ‘ಚಿಚೆಸ್ಟರ್ ಸಾಮ್ಸ್’, ಅಷ್ಟೇ. ಎರಡನೆಯದೂ, ಸಂಗೀತ ಬರೆಯಲೆಂದೇ ಒಂದು ವರ್ಷ ರಜೆ ಹಾಕಿ ಕುಳಿತಾಗ, ಮುರಿದುಬಿದ್ದ ನಾಟಕವೊಂದರ ತುಂಡುಗಳನ್ನೂ ಸೇರಿಸಿಕೊಂಡು ಹುಟ್ಟಿದ್ದು. ಅರವತ್ತು ದಾಟುವ ಹೊತ್ತಿಗೆ ಎರಡು ದೋಣಿಯಲ್ಲಿ ಕಾಲಿಟ್ಟವನ ಪಾಡು ಅವನಿಗೇ ಅರ್ಥವಾಗಿತ್ತು. 1976ರ ಬ್ರಾಡ್‌ವೇ ನಾಟಕ ಏಳೇ ಪ್ರದರ್ಶನಗಳಿಗೆ ಮುಗಿಯಿತು.

ಹಾಗೆಂದು ಕೈಯಾಡಿಸಿದ್ದು ವ್ಯರ್ಥ ಎನ್ನುವ ಧೈರ್ಯವೂ ನನಗಿಲ್ಲ. ಆಸ್ಟ್ರಿಯಾದ ಸಂಗೀತಕಾರ ಮಾಹ್ಲರನ ಸಿಂಫನಿಗಳನ್ನು ಅಷ್ಟು ಹಟದಿಂದ ಜನರ ಕಿವಿಗೆ ಹಾಕಿದವನು ಅವನು. ಮಕ್ಕಳಿಗಾಗಿ ಟೆಲಿವಿಷನ್ನಿನಲ್ಲಿ ನಡೆಸಿದ 53 ಕಛೇರಿಗಳಲ್ಲಿ ಸಂಗೀತ ವಿವರಿಸುವಾಗ ಎಲ್ಲೂ ಮೇಲಿನಿಂದ ಮಾತನಾಡುವುದಿಲ್ಲ. 1989ರ ಕ್ರಿಸ್‌ಮಸ್‌ಗೆ, ಗೋಡೆ ಬಿದ್ದ ಬರ್ಲಿನ್‌ನಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿಯಲ್ಲಿ ‘ಆನಂದ’ದ ಜಾಗದಲ್ಲಿ ‘ಸ್ವಾತಂತ್ರ್ಯ’ ಎಂದು ಹಾಡಿಸಿದ. ಪದ ಬದಲಿಸಿದ್ದು ಸ್ವಲ್ಪ ಅತಿಯೇ ಆಯಿತು, ಆದರೆ ಅತಿ ಅವನ ಸ್ವಭಾವ. ಮುಂದಿನ ವರ್ಷ ಅಕ್ಟೋಬರ್ 14ರಂದು, 72ರಲ್ಲಿ ಹೋದ. ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ಮಾಹ್ಲರನ ಐದನೆಯ ಸಿಂಫನಿಯ ಹಾಳೆಗಳ ಜೊತೆ ಮಣ್ಣು ಮಾಡಿದರು.

ಸಂಜೆ ಮಳೆ ಮತ್ತೆ ಹಿಡಿಯಿತು. ಹಾರ್ಮೋನಿಯಂ ಇಳಿಸಿ ‘ವೆಸ್ಟ್ ಸೈಡ್ ಸ್ಟೋರಿ’ಯ ಒಂದು ಎಳೆ ಹುಡುಕಿದೆ. ಟೋನಿ ತನ್ನ ಹುಡುಗಿಯ ಹೆಸರನ್ನು ‘ಮರಿಯಾ’ ಎಂದು ಮೂರು ಸ್ವರಗಳಲ್ಲಿ ಹಾಡುತ್ತಾನಲ್ಲ, ಅದು ಸ, ಪ್ರತಿ ಮಧ್ಯಮ, ಪ. ಬಿಳಿ ಒಂದು, ಕರಿ ಮೂರು, ಬಿಳಿ ಐದು. ಸ ಮತ್ತು ಆ ಮಧ್ಯಮದ ಅಂತರವನ್ನು ಯೂರೋಪಿನ ಹಳೆಯ ಶಾಸ್ತ್ರಜ್ಞರು ಸೈತಾನನ ಸ್ವರವೆಂದು ದೂರವಿಟ್ಟಿದ್ದರು. ನಾವು ಅದನ್ನೇ ಕಲ್ಯಾಣಿಯಲ್ಲಿ ಮಂಗಳಕರವಾಗಿ ಹಾಡುತ್ತೇವೆ. ಬರ್ನ್‌ಸ್ಟೈನ್ ಇಡೀ ನಾಟಕವನ್ನು ಈ ಅಂತರದ ಮೇಲೆ ಕಟ್ಟಿದ. ಬೀದಿ ಹೊಡೆದಾಟದಲ್ಲಿ ಪಂಚಮ ತಲುಪದೆ ಅದು ಕಚ್ಚುತ್ತದೆ, ಪ್ರೇಮದಲ್ಲಿ ತಲುಪಿ ಕರಗುತ್ತದೆ. ಶವ ಹೊತ್ತು ನಡೆಯುವ ಕೊನೆಯಲ್ಲೂ ನೆಮ್ಮದಿಯ ಸ್ವರಗಳ ಅಡಿಯಲ್ಲಿ ಅದೇ ಮಧ್ಯಮ ಗುರುಗುಡುತ್ತದೆ.

ಬೆರಳನ್ನು ಕರಿ ಮೂರರ ಮೇಲೆಯೇ ಇಟ್ಟು, ತಿದಿ ಒತ್ತುತ್ತಾ ಎಷ್ಟು ಹೊತ್ತು ತಡೆಯಬಹುದೆಂದು ನೋಡುತ್ತಿದ್ದೆ.

“ಪಂಚಮ ಮುಟ್ಟಿಬಿಡು ಮಾರಾಯ,” ಎಂದರು ಅಡಿಗೆಮನೆಯಿಂದ ಅಮ್ಮ, “ಹಾಲು ಉಕ್ಕುವುದನ್ನು ಕಾದ ಹಾಗಾಗುತ್ತಿದೆ.”