ಕೂತಲ್ಲಿ ಕೂರದ ನನ್ನ ಮಗ

ಮಗ ಐದನೇ ಕ್ಲಾಸು. ಪೋಷಕರ ಸಭೆಗೆ ಹೋದಾಗಲೆಲ್ಲ ಒಂದೇ ಮಾತು: 'ಬುದ್ಧಿ ಇದೆ, ಕೂತಲ್ಲಿ ಕೂರಲ್ಲ.' ನಾನು ಮನೆಗೆ ಬಂದು ಬೈಯುತ್ತಿದ್ದೆ. ಉಕ್ತಲೇಖನದಲ್ಲಿ ಹತ್ತಕ್ಕೆ ಎರಡು ಬಂದ ದಿನ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅತ್ತ. ಹೊರಗಿನಿಂದ ಅವರಪ್ಪ 'ಗಂಡು ಹುಡುಗ, ಅಳ್ತೀಯೇನೋ?' ಎಂದರು. ಅಳು ಥಟ್ಟನೆ ನಿಂತಿತು. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ 'ಬಾಲಕಿಯರೇ ಮೇಲುಗೈ' ಎಂದು ಪೇಪರಿನಲ್ಲಿ ಓದುತ್ತೇವೆ. ಖುಷಿಯ ಸುದ್ದಿಯೇ. ಹಿಂದೆ ಉಳಿದ ಹುಡುಗರನ್ನು ಮಾತ್ರ ಉಡಾಳರು ಅಂತ ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ?

ನಮ್ಮದು ಚಿತ್ರದುರ್ಗ. ಒಂದು ಭಾನುವಾರ ಮಾವ ಅವನನ್ನು ಕೋಟೆಗೆ ಕರೆದುಕೊಂಡು ಹೊರಟರು, ನಾನೂ ಹೋದೆ. ಗೋಪಾಲಸ್ವಾಮಿ ಹೊಂಡದ ಹತ್ತಿರ ನಿಂತು ಕೇಳಿದ, 'ಅಜ್ಜ, ಇದು ತುಂಬಿದ್ರೆ ನೀರು ಎಲ್ಲಿಗೆ ಹೋಗುತ್ತೆ?' ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಆಮೇಲೆ ಕೆಳಗೆ ಊರಿನ ಸಂತೆ ಹೊಂಡಕ್ಕೆ ಎಂದರು ಮಾವ. ಬಂಡೆಗಳ ಮೇಲೆ ಬಿದ್ದ ಮಳೆನೀರು ದಂಡವಾಗದ ಹಾಗೆ ಪಾಳೆಯಗಾರರ ಕಾಲದವರು ಮಾಡಿದ ಏರ್ಪಾಡು. ಇವನು ಇಳಿಜಾರು ನೋಡುತ್ತಾ ಆ ಕಡೆ ಈ ಕಡೆ ಓಡಿದ. ಮನೆಗೆ ಬಂದವನೇ ಹಳೇ ಕ್ಯಾಲೆಂಡರಿನ ಹಿಂದೆ ನೀರಿನ ದಾರಿ ಬರೆದ, ಹೆಸರುಗಳ ಸಮೇತ. ಎಲ್ಲ ಕಡೆ 'ಹೋಂಡ' ಎಂದಿತ್ತು. ನಾನು ತಿದ್ದಲಿಲ್ಲ. ಮರುದಿನ ಅವನೇ ಬಂದು 'ಇದು ಸರೀನಾ ಅಮ್ಮ?' ಎಂದ.

ಆಮೇಲೆ ನಾವೇ ಬದಲಾದೆವು. ಈಗ ಅಜ್ಜನಿಗೆ ಪೇಪರ್ ಓದಿ ಹೇಳುವವನು ಅವನೇ. ಗೇಟಿಗೆ ಜೋತುಬಿದ್ದು ಓದಿದರೂ ಓದೇ ತಾನೆ. ಮಿಸ್ ಹತ್ತಿರ ಕೇಳಿಕೊಂಡೆ, ಬೋರ್ಡ್ ಒರೆಸುವ, ಪುಸ್ತಕ ಹಂಚುವ ಕೆಲಸ ಕೊಟ್ಟಿದ್ದಾರೆ. ರಾತ್ರಿ ಮುದ್ದೆಗೆ ಅಳತೆ ಅವನದು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರಾದರೆ ಎರಡೂವರೆ ಲೋಟ ಹಿಟ್ಟಿಗೆ ಎಷ್ಟು? ಪುಸ್ತಕದಲ್ಲಿ ಬಾರದ ಲೆಕ್ಕ ಒಲೆ ಮುಂದೆ ಬರುತ್ತದೆ. 'ಗಂಡು ಹುಡುಗನ ಕೈಲಿ ಅಡುಗೆ ಕೆಲಸವಾ?' ಎಂದು ಅತ್ತೆ ಮುನಿಸಿಕೊಂಡಿದ್ದರು. ಈಗ ಅವರೇ ಮುದ್ದೆ ಕೋಲು ಹಿಡಿಯೋದು ಹೇಳಿಕೊಡುತ್ತಾರೆ.

ಹೋದ ವಾರ ಉಕ್ತಲೇಖನದಲ್ಲಿ ಆರು ಬಂತು. ತಪ್ಪಿದ ನಾಲ್ಕು ಪದಗಳನ್ನು ಸಂಜೆ ಅವರಪ್ಪ ಒಂದೊಂದಾಗಿ ಹೇಳುತ್ತಿದ್ದರು. ಮಗ ಕಿಟಕಿ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ನಿಂತೇ ಬರೆಯುತ್ತಿದ್ದ.